ಪಿಚ್ಚರ್ ಬ್ಯಾಟ್ ಹಿಡಿಯಬಾರದಂತೆ

ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ತರಕಾರಿಯವನು ನಗುನಗುತ್ತಾ ತೂಗಿದರೆ ತಕ್ಕಡಿಯ ತಳ ಬಗ್ಗಿ ನೋಡುವವಳು ನಾನು. "ದೇವ್ರೇ ಬಂದು ವರ ಕೊಡ್ತೀನಿ ಅಂದ್ರೂ, ಯಾಕಪ್ಪಾ ಇಷ್ಟು ಧಾರಾಳ ಅಂತ ಕೇಳ್ತೀಯ ಕಣೇ ನೀನು" ಎಂದು ಅಮ್ಮ ಬೈಯುತ್ತಿದ್ದಳು. ಹೀಗಾಗಿ ಎಪ್ಪತ್ತರ ದಶಕದ ಒಂದು ಡಿಸೆಂಬರ್ ಬೆಳಗ್ಗೆ, ರಾಜಾಜಿನಗರದ ಮೈದಾನದಲ್ಲಿ, ನಮಗೆ ಆಟ ಕಲಿಸುತ್ತಿದ್ದ ಮೇಷ್ಟ್ರು ಜೇಬಿನಿಂದ ಮಡಿಸಿದ ಪೇಪರ್ ಕಟಿಂಗ್ ತೆಗೆದು "ಅಮೆರಿಕದಲ್ಲಿ ಒಂದು ಹೊಸ ರೂಲ್ ಬಂದಿದೆ ಕಣ್ರಮ್ಮಾ" ಎಂದಾಗ, ಉಳಿದವರೆಲ್ಲ ಹತ್ತಿರ ಬಂದರು, ನಾನು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈ ಇಟ್ಟು ನಿಂತೆ.

ನಮ್ಮದು ಹೆಂಗಸರ ಸಾಫ್ಟ್‌ಬಾಲ್ ತಂಡ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲ್‌ನ ತಂಗಿ ಎಂದು ತಿಳಿಯಿರಿ. ಚೆಂಡು ಸ್ವಲ್ಪ ದಪ್ಪ, ಮೈದಾನ ಸ್ವಲ್ಪ ಚಿಕ್ಕದು, ಉಳಿದಂತೆ ಅದೇ ಆಟ. ಒಬ್ಬಳು ಚೆಂಡು ಎಸೆಯುತ್ತಾಳೆ, ಅವಳು ಪಿಚ್ಚರ್. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವಳು ಕ್ಯಾಚರ್. ನಡುವೆ ಎದುರು ತಂಡದ ಹುಡುಗಿ ಬ್ಯಾಟ್ ಹಿಡಿದು ನಿಂತಿರುತ್ತಾಳೆ. ಹೊಡೆದರೆ ಓಡಬೇಕು, ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್ನು. ಕಾಲೇಜಿನಲ್ಲಿ ಕಲಿತದ್ದನ್ನು ಬಿಡಲಾರದೆ ಹತ್ತು ಜನ ಸೇರಿಕೊಂಡಿದ್ದೆವು. ಒಬ್ಬಳು ಟೈಪಿಸ್ಟು, ಇಬ್ಬರು ಟೀಚರುಗಳು, ಮೂವರು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು, ಒಬ್ಬಳು ಮದುವೆಯಾಗಿ ಮನೆಯಲ್ಲಿದ್ದವಳು, ಮಿಕ್ಕವರು ಇನ್ನೂ ಓದುತ್ತಿದ್ದವರು. ನಾನು ಆಫೀಸೊಂದರಲ್ಲಿ ಗುಮಾಸ್ತೆ. ತಂಡಕ್ಕೆ ನಾನೇ ಪಿಚ್ಚರ್, ನಾನೇ ಕ್ಯಾಪ್ಟನ್. ಆಡಲಿಳಿದ ಎರಡೂ ತಂಡಕ್ಕೆ ಸೇರಿ ಇದ್ದದ್ದು ಒಂಬತ್ತೇ ಗ್ಲೌಸು. ಚಮ್ಮಾರ ಅಣ್ಣನೊಬ್ಬ ಹಳೇದೊಂದನ್ನು ನೋಡಿ ಹೊಲಿದುಕೊಟ್ಟಿದ್ದು. ನಮ್ಮ ಫೀಲ್ಡಿಂಗ್ ಮುಗಿದರೆ ಗ್ಲೌಸನ್ನು ನಿಂತಲ್ಲೇ ಹುಲ್ಲಿನ ಮೇಲೆ ಬಿಟ್ಟು ಬರುತ್ತಿದ್ದೆವು, ಎದುರು ತಂಡದವರು ಬಂದು ಅದನ್ನೇ ಹಾಕಿಕೊಳ್ಳುತ್ತಿದ್ದರು.

ಮೇಷ್ಟ್ರು ಓದಿದ ರೂಲು ಇದು. ಅಮೆರಿಕದವರು ದುಡ್ಡಿಗೆ ಆಡುವ ಬೇಸ್‌ಬಾಲ್‌ನಲ್ಲಿ ಎರಡು ಲೀಗ್‌ಗಳಿವೆ. ಅದರಲ್ಲಿ ಒಂದು, ಇನ್ನು ಮೇಲೆ ಪಿಚ್ಚರ್ ಬ್ಯಾಟ್ ಮಾಡಬೇಕಿಲ್ಲ, ಅವನ ಬದಲಿಗೆ ಇನ್ನೊಬ್ಬ ಬ್ಯಾಟ್ ಮಾಡಬಹುದು ಎಂದು ಮಾಡಿಕೊಂಡಿತಂತೆ. ಆ ಇನ್ನೊಬ್ಬ ಫೀಲ್ಡಿಂಗ್‌ಗೆ ಇಳಿಯುವುದಿಲ್ಲ. ಹೊಡೆಯುತ್ತಾನೆ, ಓಡುತ್ತಾನೆ, ಬೆಂಚಿನಲ್ಲಿ ಹೋಗಿ ಕೂರುತ್ತಾನೆ. ಇನ್ನೊಂದು ಲೀಗು ಮಾತ್ರ "ಸಾಧ್ಯವೇ ಇಲ್ಲ" ಎಂದು ಕೂತಿತ್ತು. (ಈಗ ಅವರೂ ಒಪ್ಪಿಕೊಂಡಿದ್ದಾರಂತೆ. ಇಷ್ಟು ವರ್ಷ ಬೇಕಾಯಿತು ನೋಡಿ.) ಸಂಕ್ರಾಂತಿ ಕಳೆದ ಮೇಲೆ ನಮ್ಮಲ್ಲಿ ನಾಲ್ಕು ತಂಡಗಳ ಪಂದ್ಯಾವಳಿ ಇತ್ತು. ನಾಲ್ವರು ಕ್ಯಾಪ್ಟನ್‌ಗಳೂ ಕಾಗದದಲ್ಲಿ ಒಪ್ಪಿದರೆ ಈ ಸಲ ನಾವೂ ಹಾಗೇ ಆಡಬಹುದು ಎಂದರು ಮೇಷ್ಟ್ರು.

ನಾನು ಎಸೆಯುವುದಕ್ಕಿಂತ ಹೊಡೆಯುವುದಕ್ಕೇ ಆಡುತ್ತಿದ್ದವಳು. ವಾರವಿಡೀ ಆಫೀಸಿನಲ್ಲಿ ಕಂಡ ಕಂಡ ಮುಖಕ್ಕೆಲ್ಲ "ಸರಿ ಸಾರ್" ಅನ್ನುವವಳಿಗೆ, ಭಾನುವಾರ ಆ ಬ್ಯಾಟು ಚೆಂಡಿಗೆ ಸರಿಯಾಗಿ ತಾಗಿ ಅಂಗೈ ಜುಮ್ಮೆಂದರೆ ಸಾಕು, ಇನ್ನೊಂದು ವಾರ ನೂಕುತ್ತಿದ್ದೆ. ಅದನ್ನು ಕಿತ್ತುಕೊಳ್ಳಲು ಅಮೆರಿಕದಿಂದ ರೂಲು ಬರಬೇಕೇ?

"ಸಾರ್, ಅಡುಗೆ ಮಾಡೋಳು ಒಬ್ಳು, ಎಲೆ ಮುಂದೆ ಕೂರೋಳು ಇನ್ನೊಬ್ಳಾ? ಇದ್ಯಾವ ನ್ಯಾಯ?" ಎಂದೆ.

"ಯೋಚನೆ ಮಾಡಮ್ಮ. ತಕ್ಷಣ ಹೇಳ್ಬೇಕು ಅಂತೇನಿಲ್ಲ" ಎಂದು ಮೇಷ್ಟ್ರು ಕಟಿಂಗ್ ಮಡಿಸಿದರು. ಮಡಿಸುವಾಗ ಅವರ ಕಣ್ಣು ಒಂದು ಗಳಿಗೆ ನಮ್ಮ ಕ್ಯಾಚರ್ ಕಡೆ ಹೋಗಿ ಬಂತು. ನಾನು ನೋಡಿಬಿಟ್ಟೆ.

ಕ್ಯಾಚರ್ ನನ್ನ ಜೀವದ ಗೆಳತಿ. ಕಾಲೇಜಿನಿಂದ ಜೊತೆ. ಮದುವೆಯಾಗಿ ಮೂಡಲಪಾಳ್ಯದ ಒಕ್ಕಲು ಮನೆಗೆ ಸೇರಿದ್ದಳು. ಆಗ ಮೂಡಲಪಾಳ್ಯ ಇನ್ನೂ ಹಳ್ಳಿ. ವಿಜಯನಗರ ದಾಟಿದರೆ ಮಣ್ಣು ರಸ್ತೆ, ಎರಡೂ ಬದಿಗೆ ರಾಗಿ, ಅವರೆ. ಸೊಸೆ ಪ್ಯಾಂಟು ಹಾಕಿಕೊಂಡು ಊರೊಳಗೆ ಓಡಾಡುವಂತಿರಲಿಲ್ಲ. ಅವಳು ಸೀರೆಯುಟ್ಟು ಬಸ್ಸಿನಲ್ಲಿ ಬಂದು, ಮೈದಾನದ ಎದುರಿಗೇ ಇದ್ದ ಮೇಷ್ಟ್ರ ಮನೆಯಲ್ಲಿ ಬಟ್ಟೆ ಬದಲಿಸಿ ಆಟಕ್ಕಿಳಿಯುತ್ತಿದ್ದಳು. ಹೆರಿಗೆಗೆಂದು ಹೋದವಳು ಮಗುವಿಗೆ ಐದು ತಿಂಗಳಾದ ಮೇಲೆ, ಅದೇ ತಿಂಗಳು, ಮತ್ತೆ ಮೈದಾನಕ್ಕೆ ಬಂದಿದ್ದಳು. "ಮಗು ಎಲ್ಲೇ?" ಎಂದರೆ "ನಮ್ಮಮ್ಮನ ಹತ್ರ ಇದೆ" ಎಂದಿದ್ದಳು.

ತಂಡದಲ್ಲಿ ನನಗಿಂತ ಚೆನ್ನಾಗಿ ಹೊಡೆಯುವವಳು ಅವಳೊಬ್ಬಳೇ. ಅವಳಿಲ್ಲದಾಗ ಕ್ಯಾಚರ್ ಆಗಿ ಕೂರಲು ಓದುವ ಹುಡುಗಿಯೊಬ್ಬಳು ತಯಾರಾಗಿದ್ದಳು. ಹೊಸ ರೂಲು ಬಂದರೆ ಲೆಕ್ಕ ಸುಲಭ. ಆ ಹುಡುಗಿ ಚೆಂಡು ಹಿಡಿಯುತ್ತಾಳೆ, ನಾನು ಎಸೆಯುತ್ತೇನೆ, ನನ್ನ ಬದಲಿಗೆ ಇವಳು ಬ್ಯಾಟ್ ಮಾಡುತ್ತಾಳೆ. ಅಂದರೆ ಮಣ್ಣು ನನಗೆ, ಚಪ್ಪಾಳೆ ಅವಳಿಗೆ.

ಅವಳೇ ಒಂದು ದಿನ ಬಾಯಿಬಿಟ್ಟಳು. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದೆವು.

"ಆ ರೂಲ್‌ಗೆ ಹ್ಞೂಂ ಅನ್ನೇ. ನನಗೋಸ್ಕರ."

"ಯಾಕೆ?"

"ಮಂಡಿ ನೋವು ಕಣೇ. ಕೂತು ಕೂತು ಏಳೋಕಾಗಲ್ಲ. ಬ್ಯಾಟಿಂಗ್ ಆದ್ರೆ ಮಾಡ್ತೀನಿ."

ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಆ ಪಾಪ ಹದಿನೈದು ನಿಮಿಷವೂ ಉಳಿಯಲಿಲ್ಲ. ಮನೆಗೆ ಹೊರಟು ತಿರುವಿಗೆ ಬಂದರೆ, ಹೊರಟ ಬಸ್ಸಿನ ಹಿಂದೆ ಇವಳು ಸೀರೆಯ ನೆರಿಗೆ ಎತ್ತಿ ಹಿಡಿದು ಜಿಂಕೆಯ ಹಾಗೆ ಓಡುತ್ತಿದ್ದಾಳೆ! ಕಂಬಿ ಹಿಡಿದು ಹಾರಿ ಹತ್ತಿಯೂಬಿಟ್ಟಳು. ಎಲ್ಲಿಯ ಮಂಡಿ, ಎಲ್ಲಿಯ ನೋವು! ನನಗೆ ಮೈಯೆಲ್ಲ ಉರಿದು ಹೋಯಿತು. ಬೇರೆ ಯಾರಾದರೂ ಸುಳ್ಳು ಹೇಳಿದ್ದರೆ ನಗುತ್ತಿದ್ದೆ. ಇವಳು ಹೇಳಿದ್ದು ಎದೆಗೆ ಚುಚ್ಚಿತು.

ಆಮೇಲೆ ನಾನು ಕಣ್ಣಿಟ್ಟೆ. ಕಣ್ಣಿಟ್ಟವಳಿಗೆ ಎಲ್ಲವೂ ಕಾಣುತ್ತದೆ. ಭಾನುವಾರ ಭಾನುವಾರ ಮೇಷ್ಟ್ರ ಮನೆಗೆ ಮೂಡಲಪಾಳ್ಯದಿಂದ ಒಂದು ಚೀಲ ಅವರೆಕಾಯಿ ಬರುತ್ತಿತ್ತು. ಸೊನೆ ಆರದ ಒಳ್ಳೇ ಕಾಯಿ, ಕಾಂಪೌಂಡಿನ ಹೊರಗೆ ನಿಂತರೂ ಘಮ್ ಅನ್ನುತ್ತಿತ್ತು. ಆಟದ ನಡುವೆ ಇವಳು "ಎಣ್ಣೆ ಹಚ್ಚಿಸ್ಕೊಂಡು ಬರ್ತೀನಿ" ಎಂದು ಆ ಮನೆಯೊಳಗೆ ಹೋಗುತ್ತಿದ್ದಳು. ಹೋದರೆ ಇಪ್ಪತ್ತು ನಿಮಿಷ. ಒಮ್ಮೆ ನೀರು ಕುಡಿಯುವ ನೆಪದಲ್ಲಿ ನಾನೂ ಹಿಂದೆಯೇ ಹೋದೆ. ಮೇಷ್ಟ್ರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ಲೋಟವನ್ನು ಹೊಸಿಲಾಚೆಗೇ ಕೊಟ್ಟರು. ಯಾವತ್ತೂ "ಬಾರಮ್ಮ, ಕೂತ್ಕೋ" ಎನ್ನುತ್ತಿದ್ದ ಹೆಂಗಸು! ಒಳಗಿನಿಂದ ಸಾಂಬ್ರಾಣಿ ವಾಸನೆ ಬರುತ್ತಿತ್ತು. ಇವಳು ವಾಪಸ್ ಬಂದಾಗ ಇವಳ ಮೈಯಿಂದಲೂ ಅದೇ ವಾಸನೆ. ಮಂಡಿ ನೋವಿಗೆ ಸಾಂಬ್ರಾಣಿ ಹಾಕುವ ವೈದ್ಯ ಯಾವನಪ್ಪಾ ಎಂದುಕೊಂಡೆ. ಒಳಗೆ ಏನೋ ಪೂಜೆಗೀಜೆ ಮಾಡಿಸಿ ಮೇಷ್ಟ್ರ ಮನೆಯವರಿಗೆಲ್ಲ ಮಂಕುಬೂದಿ ಎರಚಿದ್ದಾಳೆ ಎನ್ನುವಷ್ಟರ ಮಟ್ಟಿಗೆ ನನ್ನ ತಲೆ ಕೆಟ್ಟಿತ್ತು.

ಆ ವಾರವೆಲ್ಲ ನಾನು ಪ್ರಚಾರಕ್ಕೆ ಹೊರಟೆ. ಆಫೀಸು ಬಿಟ್ಟ ಮೇಲೆ ಒಬ್ಬೊಬ್ಬಳ ಮನೆ. ಟೈಪಿಸ್ಟ್ ಮನೆಯಲ್ಲಿ ಕಾಫಿ, ಟೀಚರ ಮನೆಯಲ್ಲಿ ಚಕ್ಕುಲಿ, ಎಲ್ಲ ಕಡೆ ಒಂದೇ ಭಾಷಣ.

"ಇವತ್ತು ಪಿಚ್ಚರ್ ಬ್ಯಾಟ್ ಮಾಡೋದು ಬೇಡ ಅಂತಾರೆ. ನಾಳೆ ಓಡೋಕೇ ಒಬ್ಳು, ಹಿಡಿಯೋಕೇ ಒಬ್ಳು ಅಂತಾರೆ. ಆಟ ಅಂದ್ರೆ ಎಲ್ರೂ ಎಲ್ಲಾನೂ ಮಾಡ್ಬೇಕು ತಾನೆ?"

ಈ ವಾದ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ವಾದ ಸರಿಯಾಗಿಯೇ ಇತ್ತು. ವಾದ ಮಾಡಿದವಳ ಮನಸ್ಸು ಸರಿ ಇರಲಿಲ್ಲ, ಅಷ್ಟೇ. ಟೀಚರು ಮಾತ್ರ ಚಕ್ಕುಲಿ ಮುರಿಯುತ್ತಾ "ಅವಳಿಗೆ ಏನೋ ಕಷ್ಟ ಇರ್ಬೋದು ಕಣೇ, ಕೇಳಿದ್ಯಾ?" ಎಂದಳು. "ಕೇಳ್ದೆ. ಸುಳ್ಳು ಹೇಳಿದ್ಳು" ಎಂದು ನಾನು ಎದ್ದು ಬಂದೆ.

ಕ್ಯಾಪ್ಟನ್‌ಗಳ ಸಭೆ ಮೈದಾನದ ಮೂಲೆಯ ಕಲ್ಲುಬೆಂಚಿನ ಮೇಲೆ ನಡೆಯಿತು. ಬಿನ್ನಿಪೇಟೆಯ ತಂಡದವರು ಮೊದಲೇ ಸಹಿ ಹಾಕಿದ್ದರು, ಅವರ ಪಿಚ್ಚರ್‌ಗೆ ಬ್ಯಾಟು ಹಿಡಿಯುವುದೇ ಗೊತ್ತಿರಲಿಲ್ಲ. ಉಳಿದ ಇಬ್ಬರಿಗೂ ಒಪ್ಪಿಗೆ. ನಾನು ಬೇಡವೆಂದಾಗ ಮೇಷ್ಟ್ರು ಇನ್ನೊಂದು ಮಾತು ಎತ್ತಿದರು. "ಒಂದ್ಸಲ ಹೊರಗೆ ಹೋದೋಳು ಆ ಮ್ಯಾಚಿನಲ್ಲಿ ಮತ್ತೆ ಆಡೋ ಹಾಗಿಲ್ಲ ಅನ್ನೋ ರೂಲನ್ನಾದ್ರೂ ಸಡಿಲ ಮಾಡೋಣ್ವಾ? ಸಬ್‌ಸ್ಟಿಟ್ಯೂಟ್ ಬಂದ ಮೇಲೂ ಒಂದು ಸಲ ವಾಪಸ್ ಬರೋಕೆ ಬಿಟ್ರಾಯ್ತು." ಓಹೋ, ಮುಂಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲು ಎಂದುಕೊಂಡೆ. ಕಾಗದ ನನ್ನ ಮುಂದೆ ಬಂದಾಗ ಎರಡಕ್ಕೂ ಸೇರಿಸಿ "ಒಪ್ಪಿಗೆ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಎಳೆದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ದೂರದಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ ಅವಳು ತಲೆ ಎತ್ತಿ ನಮ್ಮ ಕಡೆಯೇ ನೋಡುತ್ತಿದ್ದಳು. ನಾನು ಪೆನ್ನಿನ ಕ್ಯಾಪು ಹಾಕಿ, ಅವಳಿಗೆ ಕಾಣುವ ಹಾಗೇ ಎದ್ದು ನಿಂತೆ. ಆಗ ನನಗಾದ ಖುಷಿ ನೆನೆದರೆ ಈಗ ನನಗೇ ನನ್ನ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮೊದಲ ಪಂದ್ಯಕ್ಕೆ ಅವಳು ಬರಲಿಲ್ಲ. ಆ ಓದುವ ಹುಡುಗಿಯೇ ಕ್ಯಾಚರ್ ಆಗಿ ಕೂತು ಹೇಗೋ ಗೆದ್ದೆವು. ಫೈನಲ್ಲಿಗೆ ಬಂದಳು. "ಆಡ್ತೀಯಾ?" ಎಂದೆ. "ಇದೊಂದು ಆಡ್ಬಿಡ್ತೀನಿ" ಎಂದು ಎದೆಯ ಪ್ಯಾಡು ಕಟ್ಟಿಕೊಂಡಳು. ಹತ್ತು ಗಂಟೆಗೆ ಶುರುವಾಗಬೇಕಿದ್ದ ಆಟ ಮುಖ್ಯ ಅತಿಥಿಗಳ ದೆಸೆಯಿಂದ ಹನ್ನೊಂದೂವರೆಗೆ ಶುರುವಾಯಿತು. ಅವರು ಬಂದು ಹಾರ ಹಾಕಿಸಿಕೊಂಡು, ಸ್ತ್ರೀಯರು ಕ್ರೀಡೆಯಲ್ಲಿ ಮುಂದೆ ಬರಬೇಕೆಂದು ಮಾತಾಡಿ ಹೋಗುವವರೆಗೂ ನಾವು ಬಿಸಿಲಲ್ಲಿ ಸಾಲಾಗಿ ನಿಂತಿದ್ದೆವು. ಅವಳು ಒಂದೇ ಸಮನೆ ಕಾಲು ಬದಲಿಸುತ್ತಿದ್ದಳು.

ಎದುರಿಗೆ ಬಿನ್ನಿಪೇಟೆ. ನಮ್ಮ ಬ್ಯಾಟಿಂಗ್ ಐದು ನಿಮಿಷಕ್ಕೆಲ್ಲ ಮುಗಿಯುತ್ತಿತ್ತು, ಅವರದ್ದು ಮುಗಿಯುತ್ತಲೇ ಇರಲಿಲ್ಲ. ಮೂರನೇ ಇನ್ನಿಂಗ್ಸಿನ ಹೊತ್ತಿಗೆ ರಸ್ತೆಯಾಚೆಯ ಮನೆಗಳ ಕಡೆಯಿಂದ ಮಗುವಿನ ಅಳು ಶುರುವಾಯಿತು. ಸಾಮಾನ್ಯ ಅಳುವಲ್ಲ, ಉಸಿರು ಕಟ್ಟಿ ಕಟ್ಟಿ ಬಿಡುವ ಅಳು. ನನ್ನ ಎಸೆತ ತಪ್ಪತೊಡಗಿತು. ಅವಳು ಎದ್ದು ನನ್ನ ಹತ್ತಿರ ಬಂದಳು. ಮುಖ ಸುಣ್ಣದ ಹಾಗಾಗಿತ್ತು.

ಅವಳು ಏನು ಹೇಳಲು ಬಂದಿದ್ದಳೋ, ನಾನೇ ಮೊದಲು ಬಾಯಿ ಹಾಕಿದೆ. "ಥೂ, ಯಾರ ಮನೇದೇ ಅದು? ಮಗೂನ ಸುಮ್ಮನಿರ್ಸೋಕೂ ಬರಲ್ವಾ ಅದರಮ್ಮಂಗೆ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಅಂಪೈರ್ ಕಡೆ ತಿರುಗಿ "ಸಾರ್, ಹದಿನೈದು ನಿಮಿಷ ಹೋಗ್ಬರ್ಲಾ?" ಎಂದಳು.

"ಹೋಗಮ್ಮ, ಆದ್ರೆ ಮತ್ತೆ ಆಡೋ ಹಾಗಿಲ್ಲ. ನಿಮ್ಮ ಕ್ಯಾಪ್ಟನ್ನೇ ರೂಲ್ ಸಡಿಲ ಮಾಡೋದು ಬೇಡ ಅಂದಿದಾರಲ್ಲ."

ಅವಳು ನನ್ನ ಕಡೆ ತಿರುಗಿ ಮೆಲ್ಲಗೆ "ಹೋಗ್ಲಾ?" ಎಂದಳು.

"ಹೋಗು. ಈಗ್ಲೇ ಬಂತಾ ಮಂಡಿ ನೋವು? ಸ್ಕೋರ್ ನೋಡು. ನೀನು ಹೋದ್ರೆ ಸೋತ್ವಿ ಅಂತ್ಲೇ ಲೆಕ್ಕ. ಆಮೇಲೆ ಈ ಒಂಬತ್ತು ಜನರ ಮುಖ ನೀನೇ ನೋಡು" ಎಂದೆ.

ಅವಳು ವಾಪಸ್ ಹೋಗಿ ಕೂತಳು. ಅಲ್ಲಿಂದ ಮುಂದೆ ನಾಲ್ಕು ಇನ್ನಿಂಗ್ಸು ಅವಳು ಒಂದು ಚೆಂಡನ್ನೂ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಹಿಡಿದಳು. ಮಗು ಅತ್ತೂ ಅತ್ತೂ ಕೊನೆಗೆ ಸುಮ್ಮನಾಯಿತು. "ಅಬ್ಬ, ಸದ್ಯ" ಎಂದುಕೊಂಡೆ. ಕೊನೆಯ ಸರದಿಯಲ್ಲಿ ಅವಳು ಹೊಡೆದು ಎರಡನೇ ಮೂಲೆಗೆ ಓಡಿ ನಿಂತಳು. ಆಮೇಲೆ ನನ್ನ ಪಾಳಿ. ನಾನೂ ಹೊಡೆದೆ. ಅಂಗೈ ಜುಮ್ಮೆಂದಿತು, ಚೆಂಡು ಬೇಲಿಯವರೆಗೂ ಉರುಳಿತು, ಅವಳು ಓಡಿ ಬಂದು ನಾಲ್ಕನೇ ಮೂಲೆ ಮುಟ್ಟಿದಳು, ಗೆದ್ದೆವು. "ನೋಡಿದ್ರಾ! ಪಿಚ್ಚರ್ ಬ್ಯಾಟ್ ಮಾಡಬಾರದಂತೆ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

ಎಲ್ಲರೂ ನನ್ನ ಮೇಲೆ ಬಿದ್ದು ಕುಣಿಯುತ್ತಿದ್ದಾಗ ಅವಳು ಒಬ್ಬಳೇ ಬೆನ್ನು ತಿರುಗಿಸಿ, ಬ್ಯಾಟಿನ ಹತ್ತಿರ ಬಿದ್ದಿದ್ದ ಟವೆಲನ್ನು ಎದೆಗೆ ಅವುಚಿಕೊಂಡು ರಸ್ತೆ ದಾಟಿ ಓಡಿದಳು. ಕಪ್ಪು ತೆಗೆದುಕೊಳ್ಳಲೂ ನಿಲ್ಲಲಿಲ್ಲ. ಸೊಕ್ಕು ನೋಡು ಎಂದುಕೊಂಡೆ. ಅವಳು ಬಿಚ್ಚಿಟ್ಟಿದ್ದ ಎದೆಯ ಪ್ಯಾಡನ್ನು ಚೀಲಕ್ಕೆ ಹಾಕಲು ಎತ್ತಿಕೊಂಡೆ. ಒಳಮೈ ಒದ್ದೆ. ಬೆವರೆಂದುಕೊಂಡು ಮುಖದ ಹತ್ತಿರ ತಂದರೆ ಬೆವರಿನ ವಾಸನೆಯಲ್ಲ. ಹಾಲು ಹುಳಿಯಾದ ವಾಸನೆ. ನಾನು ಮದುವೆಯಾಗದವಳು, ಮನೆಗೆ ಕೊನೆಯ ಮಗಳು. ಆದರೂ ಅಷ್ಟೂ ತಿಳಿಯದಷ್ಟು ದಡ್ಡಿಯಲ್ಲ. ಪ್ಯಾಡನ್ನು ಹಿಡಿದುಕೊಂಡೇ ರಸ್ತೆ ದಾಟಿದೆ.

ಈ ಸಲ ಮೇಷ್ಟ್ರ ಹೆಂಡತಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಒಳಕೋಣೆಯಲ್ಲಿ ಚಾಪೆಯ ಮೇಲೆ ಅವಳು ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಮಗು. ಕೆನ್ನೆಗೆ, ಅಂಗಾಲಿಗೆ ಕಾಡಿಗೆಯ ಬೊಟ್ಟು. ಅತ್ತು ಸೋತು ನಿದ್ದೆ ಹೋಗಿತ್ತು. ಅವಳು ಬಾಯಿಗಿಟ್ಟರೆ ಚೀಪಲೂ ತ್ರಾಣವಿಲ್ಲದೆ ತಲೆ ಆಚೆಗೆ ವಾಲಿಸುತ್ತಿತ್ತು. ಪಕ್ಕದಲ್ಲಿ ಅವಳ ಅತ್ತೆ, ಕೆಂಡದ ಬಟ್ಟಲಿಗೆ ಸಾಂಬ್ರಾಣಿ ಉದುರಿಸುತ್ತಿದ್ದರು. ಸೊಸೆಯನ್ನು ಆಟಕ್ಕೆ ಬಿಡಲು ಮಗುವನ್ನು ಸೊಂಟಕ್ಕೇರಿಸಿಕೊಂಡು ಭಾನುವಾರ ಭಾನುವಾರ ಬೇರೆ ಬಸ್ಸಿನಲ್ಲಿ ಬರುತ್ತಿದ್ದವರು ಆಕೆಯೇ. ಅವರೆಕಾಯಿ ಆ ಕೋಣೆಯ ಋಣಕ್ಕೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇ ಏನವ್ವ ಚೆಂಡು ಎಸ್ಯೋ ಮಗ? ಬಾ, ಕುತ್ಕೊ. ನಿನ್ ಸುದ್ದಿ ಬೋ ಹೇಳ್ತಾಳೆ ಇವ್ಳು" ಎಂದರು.

ನಾನು ಕೂರಲಿಲ್ಲ. "ನನಗೆ ಹೇಳ್ಬೋದಿತ್ತಲ್ಲೇ" ಎಂದೆ ಅವಳಿಗೆ.

ಅತ್ತೆಯೇ ಉತ್ತರ ಕೊಟ್ಟರು. "ನಾನೇ ಬಾಯ್ ಬಿಡ್ಬ್ಯಾಡ ಅಂದಿದ್ದೆ ಕಣವ್ವ. ಮೊದಲ್ನೆ ಕೂಸು ಉಳೀನಿಲ್ಲ. ಹಾಲುಣ್ಣೋ ಕೂಸ ಹೊರಗೆ ತರೋದು, ಎದೆಹಾಲಿನ ಮಾತಾಡೋದು, ನಾಕು ಜನದ ಕಣ್ಣು ಬೀಳ್ತದೆ. ದೇವ್ರ ಮೇಲೆ ಆಣೆ ಇಕ್ಕಿಸ್ಕೊಂಡಿದ್ದೆ. ಹಸೀನ ಹಾಲು ಕುಡ್ಸುದ್ರೆ ವಾಂತಿ ಮಾಡ್ಕತದೆ. ನನ್ ಮಗ ಒಪ್ಪಿದ್ದೇ ಕಷ್ಟದಾಗೆ. ಕೂಸು ಒಂದ್ಸಲ ಹಸ್ಕೊಂಡು ಅತ್ರೂ ಅವತ್ತಿಗೆ ಆಟ ಬಂದ್ ಅಂದವ್ನೆ. ಇವತ್ತು ಬೀದಿಗೆಲ್ಲ ಕೇಳಂಗೆ ಅತ್ತದೆ. ಇನ್ನು ಮುಗೀತು ಬುಡು."

ಮುಗಿದದ್ದು ನಿಜವೇ. ಅವಳು ಮತ್ತೆ ಯಾವತ್ತೂ ಆಟಕ್ಕಿಳಿಯಲಿಲ್ಲ.

ಅತ್ತೆ ಬಟ್ಟಲಿನ ಹೊಗೆಯನ್ನು ಮಗುವಿನ ಕಡೆ ಮೆಲ್ಲಗೆ ಬೀಸುತ್ತಾ ಹೇಳಿದರು. "ಮೇಷ್ಟ್ರು ಏನೋ ದಾರಿ ಹುಡ್ಕಿದ್ರಂತೆ ಕಣವ್ವ. ಬರೀ ಹೊಡ್ಯೋದು, ಬಂದು ಹಾಲು ಕುಡ್ಸೋದು, ಮತ್ತೆ ಹೋಗಿ ಹೊಡ್ಯೋದು. ಯಾರೋ ಅದ್ಕೂ ಕಲ್ಲಾಕುದ್ರಂತೆ. ಯಾರವ್ವ ಅದು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ಮಗುವಿನ ಮುಖದಿಂದ ಕಣ್ಣು ತೆಗೆಯದೆ, "ಹೇಳಿದ್ನಲ್ಲ ಅತ್ತೆ, ಬೇರೆ ಟೀಮಿನೋರು" ಎಂದಳು.

"ಹೌದೇನವ್ವ?" ಎಂದು ಆಕೆ ನನ್ನನ್ನು ಕೇಳಿದರು.

"ಹೌದು, ಬೇರೆ ಟೀಮಿನೋರು" ಎಂದೆ.

"ರುಜು ಆಕಿದ್ ಕೈ ಸೇದೋಗ! ಅವ್ರ ಮನೇಲೂ ಕೂಸು ಹಿಂಗೇ ಅಳ್ಳಿ, ಆವಾಗ ಗೊತ್ತಾಯ್ತದೆ ಆ ಮುಂಡೇವಕ್ಕೆ" ಎಂದು ಆಕೆ ಶುರು ಮಾಡಿದರು. ನಾನು ಆ ಒದ್ದೆ ಪ್ಯಾಡನ್ನು ಹಿಡಿದು ಹೊಸಿಲಲ್ಲಿ ನಿಂತು, ಆಕೆಯ ಒಂದೊಂದು ಶಾಪಕ್ಕೂ "ಹ್ಞೂಂ, ಹ್ಞೂಂ" ಎನ್ನುತ್ತಿದ್ದೆ.